ಮೂರನೆಯ ಗುಂಪು

ಫಕೀರವ್ವ ಬಾರಕೇರ ಎದುರಿಗಿದ್ದ ಅಂಬಲಿಯ ಬಟ್ಟಲನ್ನು ವೈರಿಯನ್ನು ನೋಡುವಂತೆ ನೋಡಿದಳು. ಅಂದು ಅವಳ ಇಪ್ಪತ್ತನಾಲ್ಕನೆಯ ದಿನದ ವಿಕಿರಣ ಮುಗಿದಿತ್ತು. ಇನ್ನೂ ಒಂಬತ್ತು ದಿನ ಉಳಿದಿತ್ತು. ನಾಲಿಗೆಯ ಬುಡದಲ್ಲಿದ್ದ ಗಡ್ಡೆ ಕರಗುತ್ತಿತ್ತು. ಅದರ ಜೊತೆಗೇ ಬಾಯೊಳಗಿನ ತೊಗಲು ಸುಲಿದು, ಉಗುಳು ಗೋಂದಿನ ಹಾಗೆ ಗಟ್ಟಿಯಾಗಿ, ಒಂದು ಗುಟುಕು ನೀರು ಇಳಿಯಬೇಕಾದರೂ ಜೀವ ಹೋಗಿ ಬರುತ್ತಿತ್ತು.

"ನುಂಗ್ರಿ ಯಕ್ಕಾ. ಒಂದೇ ಚಮಚ," ಅಂದಳು ಪಲ್ಲವಿ ಮುಳಗುಂದ.

"ನೀವು ಬಾಯಾಗ ಕೆಂಡ ಇಟಗೊಂಡು ನುಂಗಿ ತೋರಸ್ರಿ ಅಕ್ಕಾರ, ಆಮ್ಯಾಲೆ ನನಗ ಹೇಳ್ರಿ."

ಬೈದರೂ ಚಮಚ ಎತ್ತಿದಳು. ಅದು ತುಟಿಗೆ ತಾಗುವ ಮೊದಲೇ ಅವಳ ಕುತ್ತಿಗೆಗೆ ಅಂಟಿಸಿದ್ದ ಪಟ್ಟಿ ಸಣ್ಣಗೆ ನಡುಗಿತು. ನುಂಗುವಾಗ ಗಂಟಲ ಗಂಟು ಮೇಲೇರಬೇಕು. ಅದು ಅರ್ಧಕ್ಕೇ ನಿಂತಿತು. ಪಟ್ಟಿಯಿಂದ ಚಿಟಿಕೆಯಷ್ಟು ಕರೆಂಟು ಹರಿದು, ಸೋತ ಸ್ನಾಯುವನ್ನು ತಿವಿದು ಎಬ್ಬಿಸಿತು. ಗಂಟು ಏರಿತು, ಒಂದು ಕ್ಷಣ ತಡೆಯಿತು, ಇಳಿಯಿತು. ಅಂಬಲಿ ಹೊಟ್ಟೆ ಸೇರಿತು. ಫಕೀರವ್ವನ ಕಣ್ಣಿಂದ ಬಳಬಳ ನೀರು ಸುರಿಯಿತು.

"ಕುತಗೀಗೆ ಇರವಿ ಬಿಟ್ಟಂಗ ಆಗತೈತಿ," ಅಂದಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಯಾವ ಪುಣ್ಯಾತಗಿತ್ತಿ ಕಂಡಹಿಡದ್ಲೋ ಇದನ್ನ."

"ನಾನೇ ಯಕ್ಕಾ."

ಫಕೀರವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾರ ಇನ್ನೊಂದು ಚಮಚ ನೀವೇ ತುಂಬಿ ಕೊಡ್ರಿ," ಅಂದಳು.

ಅದು 2060ನೆಯ ಇಸವಿ. ಗದಗಿನ ಹೊರಗೆ, ಹತ್ತು ವರ್ಷದ ಹಿಂದೆ ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಯ ನೆಲಮಹಡಿಯ ಕೋಣೆ. ಫಕೀರವ್ವ ಬೆಟಗೇರಿಯ ತರಕಾರಿ ಸಂತೆಯ ಬಾಯಿಗೆ ಮೂವತ್ತು ವರ್ಷದಿಂದ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಭಜಿ ಮಾಡಿ ಮಾರಿದವಳು. ತಂಬಾಕು ಸುಣ್ಣದ ಚಟ ಅವಳಿಗೆ ತಾಯಿಯಿಂದ ಬಂದಿತ್ತು. ಗಡ್ಡೆ ಅದರಿಂದ ಬಂತು. ಇಷ್ಟು ವರ್ಷಗಳಲ್ಲಿ ವಿಕಿರಣದ ಯಂತ್ರಗಳು ಬಹಳ ಜಾಣವಾಗಿದ್ದವು. ಉಸಿರಾಡಿದಾಗ ಗಡ್ಡೆ ಕೂದಲೆಳೆಯಷ್ಟು ಸರಿದರೂ ಅದನ್ನು ಹಿಂಬಾಲಿಸಿ ಸುಡುತ್ತಿದ್ದವು. ಆದರೆ ಗಡ್ಡೆ ಕೂತಿರುವುದೇ ನುಂಗುವ ದಾರಿಯಲ್ಲಾದರೆ ಎಂಥ ಜಾಣ ಯಂತ್ರವೂ ಆ ದಾರಿಯನ್ನು ಸುಡದೆ ಇರಲಾರದು.

ಒಂದು ಸಲ ನುಂಗುವುದೆಂದರೆ ಮೂವತ್ತು ಜೋಡಿಗಿಂತ ಹೆಚ್ಚು ಸ್ನಾಯುಗಳು ಒಂದರ ಹಿಂದೆ ಒಂದು, ಒಂದೆರಡು ಕ್ಷಣದೊಳಗೆ, ಲೆಕ್ಕ ತಪ್ಪದೆ ಕೆಲಸ ಮಾಡುವುದು. ವಿಕಿರಣ ತಾಗಿದ ಸ್ನಾಯು ಉರಿಯುತ್ತದೆ. ನೋವೆಂದು ಮನುಷ್ಯ ನುಂಗುವುದನ್ನು ಬಿಟ್ಟರೆ ಅದು ಸೊರಗುತ್ತದೆ. ಸೊರಗಿದ್ದು ನಾರುಗಟ್ಟುತ್ತದೆ, ಅಂದರೆ ಮೆತ್ತಗಿದ್ದ ಮಾಂಸ ಒಣಗಿದ ಹಗ್ಗದ ಹಾಗೆ ಬಿಗಿಯುತ್ತದೆ. ಆಮೇಲೆ ಅನ್ನವೂ ನೀರೂ ಅನ್ನನಾಳ ಬಿಟ್ಟು ಉಸಿರಿನ ದಾರಿಗೆ ಜಾರುತ್ತವೆ. ಎಷ್ಟೋ ಸಲ ಕೆಮ್ಮು ಕೂಡ ಬರುವುದಿಲ್ಲ. ಪಲ್ಲವಿಯ ಪಟ್ಟಿ ಮೂರು ಬೆರಳಗಲದ, ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಹಾಳೆ. ಅದು ಒಂದೊಂದು ಸ್ನಾಯುವಿನ ಸಪ್ಪಳವನ್ನೂ ಕೇಳಿಸಿಕೊಳ್ಳುತ್ತಿತ್ತು, ಹಿಂದೆ ಬಿದ್ದದ್ದನ್ನು ಎಬ್ಬಿಸುತ್ತಿತ್ತು. ಅರ್ಧ ಗಂಟೆ ನುಂಗದೆ ಕೂತವರನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಆಸ್ಪತ್ರೆಯವರು ಅದಕ್ಕೊಂದು ಉದ್ದನೆಯ ಹೆಸರಿಟ್ಟಿದ್ದರು. ರೋಗಿಗಳು ನುಂಗುಪಟ್ಟಿ ಅನ್ನುತ್ತಿದ್ದರು. ಅದೇ ನಿಂತಿತು.

ಅದನ್ನು ಮಾಡಲು ಪಲ್ಲವಿಗೆ ಹದಿನಾಲ್ಕು ವರ್ಷ ಹಿಡಿದಿತ್ತು. ಅಷ್ಟು ವರ್ಷ ಅವಳನ್ನು ಆ ಕೆಲಸಕ್ಕೆ ಕಟ್ಟಿಹಾಕಿದ್ದು ಸಿಟ್ಟು.

ಅವಳ ಅಪ್ಪ ಈರಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. 2027ರಲ್ಲಿ, ಪಲ್ಲವಿಗೆ ಹನ್ನೆರಡು ತುಂಬಿದ ವರ್ಷ, ಅವರಿಗೆ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿತು. ಬೇರೊಂದು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತೈದು ದಿನ ವಿಕಿರಣ ಕೊಟ್ಟರು. ನಾಲ್ಕನೆಯ ವಾರ ನೋವು ತಾಳದಾದಾಗ ಹೊಟ್ಟೆಗೊಂದು ತೂತು ಮಾಡಿ ನಳಿಕೆ ಇಟ್ಟರು. "ಗಂಟಲಿಗೆ ವಿಶ್ರಾಂತಿ ಸಿಗಲಿ, ಬಾಯಿಂದ ಏನೂ ಕೊಡಬೇಡಿ," ಅಂದರು. ಕ್ಯಾನ್ಸರ್ ಹೋಯಿತು. ವೈದ್ಯರು ಕೈಕುಲುಕಿ ಕಳಿಸಿದರು. ಮೂರು ತಿಂಗಳ ವಿಶ್ರಾಂತಿ ಮುಗಿಸಿದ ಗಂಟಲು ಮತ್ತೆ ಏಳಲೇ ಇಲ್ಲ.

ಹನ್ನೊಂದು ವರ್ಷ ಆ ನಳಿಕೆ ಹೊಟ್ಟೆಯಲ್ಲೇ ಇತ್ತು. ಅವ್ವ ಸುಮಂಗಲಾ ಅನ್ನ ಸಾರನ್ನು ಮಿಕ್ಸರಿಗೆ ಹಾಕಿ, ಅರಿವೆಯಲ್ಲಿ ಸೋಸಿ, ಸಿರಿಂಜಿನಲ್ಲಿ ತಳ್ಳುತ್ತಿದ್ದಳು. ಒಗ್ಗರಣೆಯ ವಾಸನೆ ಗಂಡನ ಮೂಗಿಗೆ ಬೀಳಬಾರದೆಂದು ಒಗ್ಗರಣೆ ಕೊಡುವುದನ್ನೇ ಬಿಟ್ಟಳು. ತಾಯಿ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ನಿಂತುಕೊಂಡೇ, ಕಳ್ಳರ ಹಾಗೆ ಗಬಗಬ ಉಣ್ಣುತ್ತಿದ್ದರು. ಈರಣ್ಣ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ಹೋದಲ್ಲೆಲ್ಲ ಜನ ಮೊದಲು ಕೇಳುತ್ತಿದ್ದದ್ದು ಊಟ ಆಯ್ತೇನ್ರಿ ಎಂದೇ. 2038ರಲ್ಲಿ, ತಮ್ಮ ಉಗುಳೇ ಶ್ವಾಸಕೋಶಕ್ಕೆ ಇಳಿದಿಳಿದು ನ್ಯುಮೋನಿಯಾ ಆಗಿ ತೀರಿಕೊಂಡರು. ಆಸ್ಪತ್ರೆಯ ಪುಸ್ತಕದಲ್ಲಿ ಮಾತ್ರ ಅವರು ಗುಣವಾದವರ ಸಾಲಿನಲ್ಲೇ ಉಳಿದರು.

ಪಲ್ಲವಿ ಆಗ ಎಂಜಿನಿಯರಿಂಗ್ ಮುಗಿಸಿದ್ದಳು. ಗಂಟಲಿಗೆ ವಿಶ್ರಾಂತಿ ಕೊಟ್ಟದ್ದೇ ತಪ್ಪಾಯಿತೆಂದು ಆಮೇಲೆ ಓದಿ ತಿಳಿದುಕೊಂಡಳು. ಆ ತಪ್ಪು ಮಾಡಲು ಯಾರಿಗೂ ಸಾಧ್ಯವಾಗದಂಥ ಒಂದು ಯಂತ್ರ ಮಾಡುತ್ತೇನೆ ಅಂದುಕೊಂಡಳು. ದಣಿಯದ, ಮರೆಯದ, ಇವತ್ತು ಬಿಡುವಿಲ್ಲ ನಾಳೆ ಬಾ ಅನ್ನದ ಯಂತ್ರ.

ಯಂತ್ರ ತಯಾರಾದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಬೇಕಿತ್ತು. ಮೊದಲಿಗೆ ಎರಡೇ ಗುಂಪು ಎಂದು ಬರೆದುಕೊಟ್ಟಿದ್ದಳು. ಒಂದು ಗುಂಪಿಗೆ ಪಟ್ಟಿ. ಇನ್ನೊಂದಕ್ಕೆ ಎಲ್ಲ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ರೂಢಿಯ ಆರೈಕೆ, ಅಂದರೆ ಒಂದು ದಿನ ಹತ್ತು ನಿಮಿಷ ಮಾತು, ಕೈಗೊಂದು ಮುದ್ರಿಸಿದ ಹಾಳೆ. ಪರೀಕ್ಷೆಗಳ ನ್ಯಾಯ ನೋಡುವ ಸಮಿತಿಯಲ್ಲಿ ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸ್ ಇದ್ದಳು. ಆಕೆ ಕೇಳಿದಳು: "ಮೇಡಂ, ಪಟ್ಟಿ ಏನೂ ಮಾಡದವರಿಗಿಂತ ಚಲೋ ಅಂತ ತೋರಿಸಿದ್ರ ಏನ ಬಂತು? ಒಬ್ಬ ಮನುಷ್ಯಾ ದಿನಾ ಕುಂತು ಕಲಿಸಿದ್ರ ಏನ ಆಗತೈತಿ ಅನ್ನೂದನ್ನೂ ನೋಡ್ರಿ."

ಪಲ್ಲವಿ ಒಳಗೊಳಗೇ ಗೊಣಗಿದಳು. ಸಮಿತಿ ಹಟ ಬಿಡಲಿಲ್ಲ. ಹಾಗೆ ಹುಟ್ಟಿದ್ದು ಮೂರನೆಯ ಗುಂಪು.

ಅದಕ್ಕೆ ಕಲಿಸುವ ಕೆಲಸ ಶಾಹೀನ್ ನದಾಫಳ ಪಾಲಿಗೆ ಬಂತು. ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ ಕಲಿತಿದ್ದ ಅವಳಿಗೆ ಐವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ಸ್ವಂತದ್ದೊಂದು ಕೋಣೆಯೂ ಇರಲಿಲ್ಲ. ವಿಕಿರಣದ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬೊಬ್ಬರ ಪಕ್ಕ ಇಪ್ಪತ್ತು ನಿಮಿಷ ಕೂರುತ್ತಿದ್ದಳು. ಬಾಯನ್ನು ಆದಷ್ಟು ಅಗಲ ತೆರೆದು ಹತ್ತು ಎಣಿಸುವುದು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಹಿಡಿದು ಉಗುಳು ನುಂಗುವುದು. ನುಂಗುವಾಗ ಮೇಲೇರಿದ ಗಂಟಲ ಗಂಟನ್ನು ಅಲ್ಲಿಯೇ ತಡೆದು ನಿಲ್ಲಿಸುವುದು. ಅಂಗಾತ ಮಲಗಿ, ತಲೆಯನ್ನಷ್ಟೇ ಎತ್ತಿ, ತನ್ನ ಕಾಲ್ಬೆರಳು ತಾನು ನೋಡುವುದು. ಆಮೇಲೆ, ಉಸಿರಿಗೆ ಜಾರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಜಿಯೋ ಸಜ್ಜಕವೋ ಮೊಸರೋ, ಎಷ್ಟು ಆಗುತ್ತದೋ ಅಷ್ಟು ಬಾಯಿಂದಲೇ. ನೋವಿಗೆ ಔಷಧ ಕೊಡಿಸುತ್ತಿದ್ದಳು, ಅರ್ಧ ಗಂಟೆ ಕಾದು ತಿನ್ನಿಸುತ್ತಿದ್ದಳು. ಬಾರದವರ ಮನೆಗೆ ಫೋನ್ ಮಾಡಿ, "ಕಾಕಾ, ಇವತ್ತ ನುಂಗಿಲ್ಲ ನೀವು, ನನಗ ಗೊತ್ತೈತಿ," ಅನ್ನುತ್ತಿದ್ದಳು.

ಮೂರೂ ಗುಂಪುಗಳಲ್ಲಿ ನೂರಿಪ್ಪತ್ತು ನೂರಿಪ್ಪತ್ತು ಜನ. ಫಕೀರವ್ವ ಪಟ್ಟಿಯ ಗುಂಪಿನವಳು. ಎಲ್ಲರ ಚಿಕಿತ್ಸೆ ಮುಗಿದು ವರ್ಷ ಕಳೆದಾಗ 2061ರ ನವೆಂಬರ್ ಆಗಿತ್ತು. ಲೆಕ್ಕ ಮಾಡುವವರು ಮುಚ್ಚಿಟ್ಟಿದ್ದ ಫಲಿತಾಂಶವನ್ನು ಒಂದು ಸೋಮವಾರ ಬೆಳಿಗ್ಗೆ ತೆರೆದರು.

ರೂಢಿಯ ಆರೈಕೆಯ ಗುಂಪಿನಲ್ಲಿ ನಲವತ್ತೊಂದು ಜನ ಇನ್ನೂ ಹೊಟ್ಟೆಯ ನಳಿಕೆಯಲ್ಲೇ ಉಣ್ಣುತ್ತಿದ್ದರು. ಪಟ್ಟಿ ಹಾಕಿದವರಲ್ಲಿ ಏಳು ಜನ. ಪಲ್ಲವಿ ಕುರ್ಚಿಯಿಂದ ಎದ್ದು ನಿಂತಳು. ಆಮೇಲೆ ಮೂರನೆಯ ಸಾಲು ಓದಿದಳು.

ಒಂಬತ್ತು.

ಶಾಹೀನಳ ಗುಂಪಿನಲ್ಲಿ ಒಂಬತ್ತೇ ಜನ. ಏಳಕ್ಕೂ ಒಂಬತ್ತಕ್ಕೂ ಇರುವ ಅಂತರ ಲೆಕ್ಕದ ಕಣ್ಣಿಗೆ ಅಂತರವೇ ಅಲ್ಲ. ಹದಿನಾಲ್ಕು ವರ್ಷದ ಅವಳ ಯಂತ್ರವೂ, ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿದ್ದರು.

ಆಸ್ಪತ್ರೆಯ ನಿರ್ದೇಶಕ ಡಾಕ್ಟರ್ ನಿರಂಜನ ಕಡಕೋಳ ಅವಳನ್ನು ಅಂದೇ ಕರೆಸಿದರು. ಪಟ್ಟಿಯನ್ನು ಡಿಸೆಂಬರಿನಲ್ಲಿ ಲೋಕಕ್ಕೆ ತೋರಿಸುವ ಸಮಾರಂಭ ನಿಗದಿಯಾಗಿತ್ತು. ಅವರು ಕೆಟ್ಟವರಲ್ಲ. ಈ ಆಸ್ಪತ್ರೆಗಾಗಿ ಓಡಾಡಿ ಕೂದಲು ಹಣ್ಣು ಮಾಡಿಕೊಂಡವರು.

"ಮೂರನೇ ಗುಂಪು ಈಗ ಬ್ಯಾಡ ಪಲ್ಲವಿ," ಅಂದರು. "ಎರಡು ಗುಂಪಿನ ಫಲಿತಾಂಶ ಹೇಳೋಣ. ನಲವತ್ತೊಂದು, ಏಳು. ಮೂರನೇದ್ದು ಆಮ್ಯಾಲೆ ಬ್ಯಾರೆ ಕಡೆ ಸಣ್ಣದಾಗಿ ಬರೆದರಾತು."

"ಯಾಕ್ರಿ ಸರ್?"

"ಯಾಕಂತ ನಿಮಗೂ ಗೊತ್ತೈತಿ. ಒಂದು ಯಂತ್ರ ಬಂದ್ರ ಆಸ್ಪತ್ರೆಗಳು ತರಿಸಿಕೊಂತಾವ. ರಿಬ್ಬನ್ ಕತ್ತರಸ್ತಾರ, ಫೋಟೋ ಹೊಡಸ್ಕೊಂತಾರ. ಆದರ ಮನುಷ್ಯಾ ಕುಂತು ಕಲಿಸಿದ್ರ ಸಾಕು ಅಂತ ಹೇಳಿ ನೋಡ್ರಿ. ಮೇಲಿನವರು ಏನ್ ಮಾಡ್ತಾರ? ಅಷ್ಟೇ ಸಾಕಲ್ಲ ಮತ್ತ, ಪಟ್ಟಿ ಯಾಕ ಅಂತಾರ. ಹಂಗಂತ ಆ ಮನುಷ್ಯಾರನ್ನರ ನೇಮಿಸ್ತಾರೇನು? ಇಲ್ಲ. ಒಂದು ಸುತ್ತೋಲೆ ಕಳಿಸಿ ಕೈ ತೊಳಕೊಂತಾರ. ಪಟ್ಟೀನೂ ಇಲ್ಲ, ಶಾಹೀನೂ ಇಲ್ಲ. ರೋಗಿ ಸಾಯ್ತಾನ."

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಭಾನುವಾರದವರೆಗೆ ವಿಚಾರ ಮಾಡ್ರಿ," ಅಂದರು ಕಡಕೋಳ. "ನಿಮ್ಮಪ್ಪನ ಸಲುವಾಗಿ ಮಾಡಿದ ಯಂತ್ರ ಇದು. ನೀವೇ ಕೈಯಾರೆ ಹಾಳ ಮಾಡಬ್ಯಾಡ್ರಿ."

ನಾಚಿಕೆಯ ಸಂಗತಿಯೆಂದರೆ, ಅವಳು ವಿಚಾರ ಮಾಡಿದಳು. ಐದು ದಿನ ಮಾಡಿದಳು. ಕಾರಿಡಾರಿನಲ್ಲಿ ಶಾಹೀನ್ ಎದುರಾಗಿ, "ಮೇಡಂ, ನಮ್ಮ ಕಾಕಾಗೋಳ ಕತಿ ಏನಾತು, ಎಷ್ಟು ಮಂದಿ ಉಣ್ಣಾಕತ್ತಾರ?" ಎಂದು ಕೇಳಿದಾಗ, "ಇನ್ನೂ ನೋಡಬೇಕು ಶಾಹೀನಕ್ಕಾ," ಎಂದು ಹೇಳಿ ತಪ್ಪಿಸಿಕೊಂಡಳು. ಶಾಹೀನ್ ಅವಳ ಮುಖವನ್ನೊಮ್ಮೆ ನೋಡಿ ಬೆಂಚಿನ ಕಡೆ ಹೋದಳು.

ಶನಿವಾರ ಮಧ್ಯಾಹ್ನ ಪಲ್ಲವಿ ಬೆಟಗೇರಿಯಲ್ಲಿದ್ದ ಅವ್ವನ ಮನೆಗೆ ಹೋದಳು. ಸುಮಂಗಲಾಗೆ ಆಗ ಅರವತ್ತೊಂಬತ್ತು. ಮಗಳು ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟುಕೊಂಡಿದ್ದನ್ನು ನೋಡಿ, "ಏನಾಗೈತಿ ಹೇಳು," ಅಂದಳು. ಪಲ್ಲವಿ ಎಲ್ಲವನ್ನೂ ಹೇಳಿದಳು. ಏಳು, ಒಂಬತ್ತು, ನಲವತ್ತೊಂದು.

"ಆಕೀ ಏನ ಕಲಸ್ತಾಳ ಅಂಥಾದ್ದು?" ಎಂದು ಕೇಳಿದಳು ಅವ್ವ.

ಪಲ್ಲವಿ ತೋರಿಸಿದಳು. ಬಾಯಿ ಅಗಲಿಸಿದಳು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಗಂಟಲು ಬಿಗಿದು ಉಗುಳು ನುಂಗಿದಳು.

ಅವ್ವ ಅವಳನ್ನೇ ದಿಟ್ಟಿಸಿದಳು. "ಈ ಚಿತ್ರ ನಾ ನೋಡೇನಿ," ಅಂದಳು.

"ಎಲ್ಲಿ?"

ಸುಮಂಗಲಾ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸಪ್ಪಳ, ಪ್ಲಾಸ್ಟಿಕ್ಕಿನ ಸರಬರ. ಹೊರಗೆ ಬಂದಾಗ ಅವಳ ಕೈಯಲ್ಲಿ ಅಪ್ಪನ ಆಸ್ಪತ್ರೆಯ ಫೈಲು ಇತ್ತು. ಮೂವತ್ತನಾಲ್ಕು ವರ್ಷದ ಹಳೆಯದು. ರಕ್ತ ಪರೀಕ್ಷೆಯ ಚೀಟಿಗಳು, ಸ್ಕ್ಯಾನಿನ ಕಪ್ಪು ಹಾಳೆಗಳು, ಅವುಗಳ ನಡುವೆ ಪಿನ್ನು ಹೊಡೆದ ಒಂದು ಬಿಳಿ ಹಾಳೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆಯಾಗಿತ್ತು.

ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ವಿಕಿರಣ ಚಿಕಿತ್ಸೆಯ ಮೊದಲ ದಿನದಿಂದಲೇ ಮಾಡಬೇಕಾದ ನುಂಗುವ ವ್ಯಾಯಾಮಗಳು, ದಿನಕ್ಕೆ ಎಷ್ಟು ಸಲ, ಯಾಕೆ. ಆದಷ್ಟು ದಿನ ಬಾಯಿಂದಲೇ ತಿನ್ನಿ, ನೋವಿದ್ದರೆ ಔಷಧ ಕೇಳಿ, ನಳಿಕೆ ಹಾಕಿದರೂ ನುಂಗುವುದನ್ನು ನಿಲ್ಲಿಸಬೇಡಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಪ್ರತಿ ವ್ಯಾಯಾಮಕ್ಕೂ ಒಂದು ಗೆರೆಚಿತ್ರ. ಕೆಳಗೆ ಮೂಲೆಯಲ್ಲಿ ಮುದ್ರಿಸಿದ ವರ್ಷ: 2019.

ಎರಡನೆಯ ಚಿತ್ರದಲ್ಲಿ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡ ಒಂದು ಮುಖವಿತ್ತು. ಆ ಮುಖಕ್ಕೆ ನೀಲಿ ಪೆನ್ನಿನಲ್ಲಿ ಯಾರೋ ಮೀಸೆ ಬರೆದಿದ್ದರು.

"ನೀನೇ ಬರದಿದ್ದಿ," ಅಂದಳು ಅವ್ವ. "ಅಪ್ಪನ ಹಾಸಿಗಿ ಪಕ್ಕ ಕುಂತು ಹೋಂವರ್ಕ್ ಮಾಡತಿದ್ದಿ. ಚಿತ್ರ ನೋಡಿ ನಕ್ಕು ಮೀಸಿ ಬರದಿ. ಅವರೂ ನಕ್ಕಿದ್ರು."

ಪಲ್ಲವಿ ಆ ಮೀಸೆಯ ಮೇಲೆ ಬೆರಳಾಡಿಸಿದಳು. ಆಗ ಅವಳು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಆ ಮನೆಯಲ್ಲಿ ಆ ಹಾಳೆಯನ್ನು ಓದಬಲ್ಲವಳು ಅವಳೊಬ್ಬಳೇ. ಅದು ಅವಳ ಕೈಯಲ್ಲೇ ಇತ್ತು.

"ಆವಾಗ ಇನ್ನೊಂದಾಗಿತ್ತು," ಅಂದಳು ಅವ್ವ. "ನಳಿಗಿ ಹಾಕಿಸಿಕೊಂಡು ಮನೀಗೆ ಬಂದ ಎಂಟು ದಿನಕ್ಕ ನಿಮ್ಮಪ್ಪ ಅಡಗಿಮನ್ಯಾಗ ಕದ್ದು ಚಾ ಕುಡ್ಯಾಕತ್ತಿದ್ರು. ಗುಟುಕ ಗುಟುಕ ಇಳಸ್ತಿದ್ರು, ಮಾರಿ ಕಿವುಚಿಕೊಂಡು. ನಾ ಹೋಗಿ ಕಪ್ಪು ಕಸಗೊಂಡೆ. ಡಾಕ್ಟರು ಬ್ಯಾಡ ಅಂದಾರ, ನಿಮಗ ನನ್ನ ಕುಂಕುಮದ ಮ್ಯಾಲೆ ಖಬರ್ ಐತೇನು ಅಂತ ಬೈದೆ. ಮತ್ತ ಅವರು ಕುಡೀಲಿಲ್ಲ. ನಾನೇ ಕಸಗೊಂಡೆ ನೋಡು. ನಾನೇ."

"ಅವ್ವಾ, ನಿನಗ ಯಾರೂ ಹೇಳಿದ್ದಿಲ್ಲ. ನಂದೇ ತಪ್ಪು, ನಾನರ ಓದಬೇಕಿತ್ತು..."

"ಬಾಯಿ ಮುಚ್ಚು!" ಸುಮಂಗಲಾ ಚೀರಿದಳು. ಪಲ್ಲವಿ ತನ್ನ ಜನ್ಮದಲ್ಲಿ ಅವ್ವನ ಆ ದನಿ ಕೇಳಿರಲಿಲ್ಲ. "ನಿನಗ ಹನ್ನೆರಡು ವರ್ಷ. ನನಗ ಇಂಗ್ಲಿಷ್ ಬರತಿದ್ದಿಲ್ಲ. ಈ ಹಾಳಿ ಕೊಟ್ಟಾವಗ ಎರಡೂ ಗೊತ್ತಿತ್ತು. ನನ್ನ ಕಡೆ ಸಹಿ ಮಾಡಿಸಿಕೊಂಡ, ಕನ್ನಡದಾಗ ಸಹಿ ಮಾಡೀನಿ, ನೋಡಿಲ್ಲೇನು ಅಂವ? ಒಂದು ಹತ್ತು ನಿಮಿಷ ಕುಂತು ಹೇಳಿದ್ರ ಅವನ ಗಂಟೇನ ಹೋಗತಿತ್ತು? ಹನ್ನೊಂದು ವರ್ಷ, ಪಲ್ಲವಿ! ಹನ್ನೊಂದು ವರ್ಷ ಈ ಮನ್ಯಾಗ ಒಗ್ಗರಣಿ ಹಾಕಲಿಲ್ಲ ನಾನು!"

ಅವಳು ಫೈಲನ್ನು ನೆಲಕ್ಕೆ ಎಸೆದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಗ್ಗಿ, ಚದುರಿದ ಹಾಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಪಲ್ಲವಿ ಕೂಡ ಕೆಳಗೆ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿನ್ನ ಸಾಹೇಬಗ ಏನ ಹೇಳ್ತಿ?" ಎಂದು ಕೇಳಿದಳು ಅವ್ವ, ಕಡೆಗೆ.

ಡಿಸೆಂಬರಿನ ಸಮಾರಂಭಕ್ಕೆ ಆಸ್ಪತ್ರೆಯ ಸಭಾಭವನ ತುಂಬಿತ್ತು. ರಾಜ್ಯದ ನಾನಾ ಕಡೆಯಿಂದ ವೈದ್ಯರು, ಅಧಿಕಾರಿಗಳು, ಪತ್ರಕರ್ತರು ಬಂದಿದ್ದರು. ಪಲ್ಲವಿ ಕಡಕೋಳರಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಅವರು ಅದನ್ನು ಒಪ್ಪಿಗೆಯೆಂದೇ ತಿಳಿದಿದ್ದರು. ವೇದಿಕೆಯ ಮೇಲೆ ಒಂದು ಮೇಜು, ಅದರ ಮೇಲೆ ಒಂದು ತಟ್ಟೆ ಗಿರಮಿಟ್ಟು. ಫಕೀರವ್ವ ಹೊಸ ಇಳಕಲ್ ಸೀರೆ ಉಟ್ಟು ಅದರ ಹಿಂದೆ ಕೂತಿದ್ದಳು. ಪಟ್ಟಿಯಿಂದ ಗಂಟಲು ಉಳಿಸಿಕೊಂಡವಳು ಕ್ಯಾಮೆರಾಗಳ ಎದುರು ತಿಂದು ತೋರಿಸಬೇಕೆಂದು ಏರ್ಪಾಡಾಗಿತ್ತು.

"ನಾನೇನು ಸರ್ಕಸ್ಸಿನ ಮಂಗ್ಯಾ ಏನ್ರಿ?" ಎಂದು ಅವಳು ಮೊದಲೇ ಒಂದು ಸಲ ಕೇಳಿಯಾಗಿತ್ತು. ಗಿರಮಿಟ್ಟಿಗೆ ಉಳ್ಳಾಗಡ್ಡಿ ಕಡಿಮೆಯಾಗಿದೆಯೆಂದೂ ಬೈದಿದ್ದಳು.

ಪಲ್ಲವಿ ಮಾತಾಡಲು ನಿಂತಳು. ಪಟ್ಟಿ ಹೇಗೆ ಕೆಲಸ ಮಾಡುತ್ತದೆಂದು ಹೇಳಿದಳು. ಎರಡು ಗುಂಪಿನ ಫಲಿತಾಂಶ ಹೇಳಿದಳು. ಚಪ್ಪಾಳೆ ಬಿತ್ತು. ಆಮೇಲೆ ಅವಳು ಮೂರನೆಯ ಸಾಲನ್ನು ಪರದೆಯ ಮೇಲೆ ತಂದಳು.

"ಈ ನೂರಿಪ್ಪತ್ತು ಜನಕ್ಕೆ ಯಾವ ಯಂತ್ರವನ್ನೂ ಕೊಡಲಿಲ್ಲ," ಅಂದಳು. "ಇವರ ಪಕ್ಕ ದಿನಾ ಇಪ್ಪತ್ತು ನಿಮಿಷ ಒಬ್ಬರು ಕೂತರು. ಅವರ ಹೆಸರು ಶಾಹೀನ್ ನದಾಫ. ಅಲ್ಲಿ ಕೊನೆಯ ಸಾಲಿನಲ್ಲಿ ನಿಂತಿದ್ದಾರೆ, ಅವರಿಗೆ ಕುರ್ಚಿ ಸಿಕ್ಕಿಲ್ಲ. ಇವರ ಗುಂಪಿನಲ್ಲಿ ನಳಿಕೆಯಲ್ಲಿ ಉಳಿದವರು ಒಂಬತ್ತು ಜನ."

ಕಡಕೋಳ ಎದ್ದರು. ಮುಖ ಕೆಂಪಾಗಿತ್ತು. "ಇದು ಅಪೂರ್ಣ ಮಾಹಿತಿ. ಇದನ್ನು ಇನ್ನೂ ಪರಿಶೀಲನೆ ಮಾಡಬೇಕಾಗಿದೆ," ಎಂದು ಮೈಕಿನಲ್ಲಿ ಹೇಳಿ, ಪರದೆ ಆರಿಸುವಂತೆ ಸನ್ನೆ ಮಾಡಿದರು. ಪರದೆ ಆರಿತು.

ಆಗ ಫಕೀರವ್ವ ತನ್ನ ಮುಂದಿದ್ದ ಮೈಕನ್ನು ಎಳೆದುಕೊಂಡಳು. ಅವಳ ದನಿ ಇನ್ನೂ ಗೊಗ್ಗರಾಗಿತ್ತು.

"ಏನ್ ಅಪೂರ್ಣರಿ ಸಾಹೇಬ್ರ? ನನ್ನ ಜೋಡಿ ದಿನಾ ಬರತಿದ್ದ ಅಬ್ಬಿಗೇರಿ ಮುದುಕ, ಅಂವಗ ಪಟ್ಟಿ ಇದ್ದಿಲ್ಲ. ಶಾಹೀನಕ್ಕ ಇದ್ಲು. ಮೊನ್ನಿ ಸಂತ್ಯಾಗ ನನ್ನ ಅಂಗಡಿಗೆ ಬಂದು ಎರಡು ಮಿರ್ಚಿ ತಿಂದು ಹೋದ. ನಾನೂ ತಿಂತೀನಿ, ಅಂವನೂ ತಿಂತಾನ. ನಮ್ಮ ಓಣ್ಯಾಗ ಇನ್ನೊಬ್ಬಾಕಿ ಅದಾಳ, ಎರಡನೇ ಗುಂಪಿನಾಕಿ. ಕೈಯಾಗ ಹಾಳಿ ಕೊಟ್ಟು ಕಳಿಸಿದ್ರಿ. ಆಕೀ ಹೊಟ್ಟಿಗೆ ನಳಿಗಿ ಐತಿ. ಆಕೀನ್ನ ಯಾಕ ಕರಸಲಿಲ್ಲ ಇಲ್ಲಿ?" ಅವಳು ತಟ್ಟೆಯನ್ನು ದೂರ ತಳ್ಳಿದಳು. "ನಾ ಮನ್ಯಾಗ ಉಣ್ತೀನಿ. ಮಂದಿ ಮುಂದ ತಿಂದು ತೋರಿಸೂದಕ್ಕ ಬದುಕಿಲ್ಲ."

ಎರಡನೆಯ ಗುಂಪಿನ ಮಾತು ಪಲ್ಲವಿಗೆ ಚಾಟಿಯ ಏಟಿನಂತೆ ತಾಗಿತು. ಆ ನೂರಿಪ್ಪತ್ತು ಜನರ ಕೈಗೆ ಹಾಳೆ ಕೊಟ್ಟು ಕಳಿಸುವ ಯೋಜನೆ ಬರೆದವಳು ಅವಳೇ. ರೂಢಿಯ ಆರೈಕೆ ಎಂದು ಅದಕ್ಕೆ ಹೆಸರಿಟ್ಟವಳೂ ಅವಳೇ. ಈ ಸಲ ಹಾಳೆ ಕನ್ನಡದಲ್ಲಿತ್ತು, ಅಷ್ಟೇ ವ್ಯತ್ಯಾಸ. ಅವಳು ವೇದಿಕೆ ಇಳಿದು ನೇರ ಹೊರಗೆ ನಡೆದಳು.

ಮುಂದಿನದು ಕಡಕೋಳ ಹೇಳಿದ ಹಾಗೆಯೇ ಆಯಿತು. ಪಲ್ಲವಿಯನ್ನು ಯೋಜನೆಯಿಂದ ತೆಗೆದರು. ಪಟ್ಟಿಯನ್ನು ಕೊಳ್ಳುತ್ತೇವೆ ಎಂದಿದ್ದ ಆಸ್ಪತ್ರೆಗಳು ಸ್ವಲ್ಪ ತಡೆಯೋಣ ಅಂದವು. ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ನುಂಗುವ ವ್ಯಾಯಾಮವನ್ನು ಕಡ್ಡಾಯವಾಗಿ ಕಲಿಸತಕ್ಕದ್ದು ಎಂದು ಒಂದು ಸುತ್ತೋಲೆ ಹೊರಟಿತು. ಕಲಿಸುವವರು ಯಾರೆಂದು ಅದರಲ್ಲಿ ಬರೆದಿರಲಿಲ್ಲ. ಹನ್ನೊಂದು ತಿಂಗಳು ಒಬ್ಬರನ್ನೂ ನೇಮಿಸಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ಎಷ್ಟು ಜನರ ಗಂಟಲು ನಾರುಗಟ್ಟಿತೋ. ಮಾತಾಡದೆ ಇದ್ದಿದ್ದರೆ ಅವರಲ್ಲಿ ಕೆಲವರಿಗೆ ಪಟ್ಟಿಯಾದರೂ ಸಿಗುತ್ತಿತ್ತು ಎಂಬ ಯೋಚನೆ ಪಲ್ಲವಿಯನ್ನು ಬಿಡಲಿಲ್ಲ. ಅವಳು ಅದನ್ನು ಯಾರಿಂದಲೂ ಮುಚ್ಚಿಡಲೂ ಇಲ್ಲ.

ಕಡೆಗೆ ಬಾಗಿಲು ತೆರೆಸಿದ್ದು ಉಣ್ಣುವವರೂ ಉಣ್ಣಲಾರದವರೂ ಕೂಡಿ. ಫಕೀರವ್ವ ಮೂ‌ರೂ ಗುಂಪಿನವರನ್ನು ಹುಡುಕಿ ಒಟ್ಟುಮಾಡಿದಳು. ಅಬ್ಬಿಗೇರಿಯ ಮುದುಕ ಬಂದ. ಹೊಟ್ಟೆಗೆ ನಳಿಕೆ ಹಾಕಿಕೊಂಡವರು ಸಿರಿಂಜು, ಸೋಸಿದ ಗಂಜಿ ಹಿಡಿದುಕೊಂಡು ಬಂದರು. ಮಧ್ಯಾಹ್ನ ಒಂದು ಗಂಟೆಗೆ, ಜಿಲ್ಲಾ ಕಚೇರಿಯ ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ, ಅದರ ಪಡಸಾಲೆಯಲ್ಲಿ ಸಾಲಾಗಿ ಕೂತು, ಅಂಗಿ ಎತ್ತಿ, ನಳಿಕೆಗೆ ಗಂಜಿ ತಳ್ಳಿಕೊಳ್ಳತೊಡಗಿದರು. ಘೋಷಣೆ ಇಲ್ಲ, ಫಲಕ ಇಲ್ಲ. ಸುಮಂಗಲಾ ದಿನವೂ ಹೋಗಿ ಅವರ ಸಿರಿಂಜು ತೊಳೆದುಕೊಟ್ಟಳು. ನಾಲ್ಕನೆಯ ದಿನ ಒಳಗಿನ ಅಧಿಕಾರಿಯೊಬ್ಬರು ತಮ್ಮ ಡಬ್ಬಿಯನ್ನು ಮುಚ್ಚಿಟ್ಟು ಹೊರಗೆ ಬಂದು, ಏನು ಬೇಕು ಹೇಳಿ ಅಂದರು. ಮುಂದಿನ ಮಾರ್ಚ್ ಹೊತ್ತಿಗೆ ಉತ್ತರದ ಐದು ಜಿಲ್ಲೆಗಳಿಗೆ ಮೂವತ್ತೊಂದು ಹುದ್ದೆಗಳು ಬಂದವು. ಪಟ್ಟಿಯೂ ಮೆಲ್ಲಗೆ ಬಂತು. ದೂರದ ಹಳ್ಳಿಯಿಂದ ದಿನಾ ಬರಲಾರದವರಿಗೆ, ಮನೆಯಲ್ಲಿ ಒಬ್ಬರೇ ಇರುವವರಿಗೆ ಅದರಿಂದ ನಿಜವಾದ ಉಪಕಾರವಾಯಿತು.

ಹೊಸದಾಗಿ ನೇಮಕವಾದವರಿಗೆ ಶಾಹೀನಳೇ ತರಬೇತಿ ಕೊಟ್ಟಳು. ತನ್ನ ಜೊತೆಗೆ ಕಲಿಸಲು ಪಲ್ಲವಿಯನ್ನೂ ಕರೆದಿದ್ದಳು. "ಯಂತ್ರ ಬಿಟ್ಟು ಬರ್ರಿ ಮೇಡಂ," ಎಂದು ನಕ್ಕಿದ್ದಳು. ಕೊಪ್ಪಳದ ಒಂದು ಹಳೆಯ ಶಾಲೆಯ ಕೋಣೆ. ಬಾಯಿ ಅಗಲಿಸಿ ಕೂತ ಇಪ್ಪತ್ತೆರಡು ಜನ. ಎರಡನೆಯ ದಿನ ಬೆಳಿಗ್ಗೆ ಕುಷ್ಟಗಿಯಿಂದ ಬಂದ ಒಬ್ಬ ಹುಡುಗಿ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿ ಕೈ ಎತ್ತಿದಳು.

"ಮೇಡಂ, ಈ ವ್ಯಾಯಾಮ ಯಾವ ಇಸವ್ಯಾಗ ಕಂಡಹಿಡದ್ರಿ ನೀವು?"

"ನಾವು ಕಂಡಹಿಡೀಲಿಲ್ಲ," ಅಂದಳು ಪಲ್ಲವಿ. "ನಾನು ಹುಟ್ಟೂದಕ್ಕಿಂತ ಮೊದಲೇ ಗೊತ್ತಿತ್ತು. ಬ್ಯಾರೆ ಬ್ಯಾರೆ ದೇಶದ ವೈದ್ಯರು ಬರದಿದ್ರು."

ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅಂದ್ರ 2025ರಾಗೂ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಮ್ಮ ಆಸ್ಪತ್ರಿಯವರಿಗೂ?"

"ಭಾಳ ಮಂದಿಗೆ."

"ಹಂಗಾರ ಅವಾಗಿನ ಮಂದಿ ಯಾಕ ಸುಮ್ಮನ ಕುಂತಿದ್ರು?"

ಕೋಣೆಯಲ್ಲಿ ಎಲ್ಲರೂ ಪಲ್ಲವಿಯತ್ತ ತಿರುಗಿದರು. ಅವಳ ಹತ್ತಿರ ಕಾರಣಗಳಿದ್ದವು. ವೈದ್ಯರ ಬಾಗಿಲಲ್ಲಿ ಮುಗಿಯದ ಸರದಿಯಿತ್ತು. ಕಲಿಸುವವರು ಒಂದು ಜಿಲ್ಲೆಗೆ ಒಬ್ಬರೂ ಇರಲಿಲ್ಲ. ಗಡ್ಡೆ ಹೋದರೆ ಸಾಕು, ಉಳಿದದ್ದು ಆಮೇಲೆ ಎಂಬ ಅವಸರವಿತ್ತು. ಎಲ್ಲವೂ ನಿಜ. ಒಂದನ್ನೂ ಈ ಹುಡುಗಿಯ ಮುಖ ನೋಡಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಅದನ್ನ ಅವರನ್ನೇ ಕೇಳಬೇಕು," ಅಂದಳು ಕಡೆಗೆ. "ಅವರಿನ್ನೂ ಇದ್ದಾಗಲೇ ಯಾರರ ಕೇಳಬೇಕಿತ್ತು."